ಮಲ್ಪೆಯ ಮನೆಗೆ ಹೆಂಚಿನ ಮಾಡೇ ಸರಿ

ಮ್ಯೂನಿಕ್
ಜೂನ್ 14

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರ.

ನಾನು ಸೌಖ್ಯ. ಅಲ್ಲಿ ಮಳೆ ಚೆನ್ನಾಗಿ ಹಿಡಿದಿದೆ ಅಂತ ತಮ್ಮ ಹೇಳಿದ. ಫೋನಿನಲ್ಲಿ ಯಾವ ವಿಷಯವೂ ಪೂರ್ತಿ ಆಗುವುದಿಲ್ಲ, ನಡುವೆ ಕುಕ್ಕರ್ ಕೂಗುತ್ತದೆ, ಇಲ್ಲವೇ ಯಾರಾದರೂ ಬರುತ್ತಾರೆ. ಅದಕ್ಕೇ ಈ ಕಾಗದ.

ಅಮ್ಮ, ಮದುವೆಮನೆಯಲ್ಲಿ ದೊಡ್ಡಮ್ಮ "ಅವಳಿಗೆ ಅಲ್ಲಿ ಎಂತ ಕೆಲಸ?" ಅಂತ ಕೇಳಿದ್ದು, ನೀನು "ಮಕ್ಕಳ ಪುಸ್ತಕಕ್ಕೆ ಚಿತ್ರ ಬಿಡಿಸುವುದು" ಅಂದದ್ದು, ಅವರು "ಅದು ಸರಿ, ಕೆಲಸ ಎಂತದ್ದು?" ಅಂತ ಮತ್ತೆ ಕೇಳಿದ್ದು ನೆನೆದರೆ ಈಗಲೂ ನಗು ಬರುತ್ತದೆ. ಮುಂದಿನ ಸಲಕ್ಕೆ ನಿನ್ನ ಹತ್ತಿರ ಉತ್ತರ ಇರಲಿ.

ಚಿತ್ರಪುಸ್ತಕ ಹೆಚ್ಚಾಗಿ 32 ಪುಟದ್ದು. ದೊಡ್ಡ ಹಾಳೆಯ ಎರಡೂ ಬದಿಗೆ ಎಂಟೆಂಟು ಪುಟ ಅಚ್ಚು ಹಾಕಿ ಮಡಚಿದರೆ 16, ಅಂಥವು ಎರಡು. ಹೆಸರು, ಪ್ರಕಾಶಕರ ವಿವರ ಅಂತೆಲ್ಲ ಹೋಗಿ ಕಥೆಗೆ ಸಿಗುವುದು ಹನ್ನೆರಡೋ ಹದಿನಾಲ್ಕೋ ಜೋಡಿಪುಟ. ಅಷ್ಟರೊಳಗೆ ಎಲ್ಲ ಮುಗಿಯಬೇಕು. ಮೊದಲು ಇಡೀ ಪುಸ್ತಕವನ್ನು ಒಂದೇ ಹಾಳೆಯಲ್ಲಿ ಸಣ್ಣ ಸಣ್ಣ ಚೌಕಗಳಲ್ಲಿ ಗೀಚುತ್ತೇನೆ. ಆಮೇಲೆ ಕಾಗದ ಮಡಚಿ, ಹೊಲಿದು, ಒಂದು ಸುಳ್ಳು ಪುಸ್ತಕ ಮಾಡಿ ಮಗುವಿನ ಹಾಗೆ ಪುಟ ತಿರುವಿ ನೋಡುವುದು. ಪುಟ ತಿರುವಿದ ಮೇಲೆಯೇ ಕಾಣಬೇಕಾದದ್ದು ಮೊದಲೇ ಕಂಡುಬಿಟ್ಟರೆ ಕಥೆ ಕೆಟ್ಟಿತು. ಎರಡು ಪುಟ ಸೇರುವ ಹೊಲಿಗೆಯಲ್ಲಿ ಹುಡುಗಿಯ ಮುಖ ಬಂದರೆ ಅವಳ ಮೂಗು ಪುಸ್ತಕದೊಳಗೆ ಹೂತುಹೋಗುತ್ತದೆ. ಅಂಚಿಗೆ 3 ಮಿಲಿಮೀಟರ್ ಹೆಚ್ಚು ಬಿಡಿಸಬೇಕು, ಪ್ರೆಸ್ಸಿನವರು ಕತ್ತರಿಸಲಿಕ್ಕೆ. ಅಕ್ಷರಕ್ಕೂ ಜಾಗ ಬಿಡಬೇಕು. ಬಣ್ಣ ಬರುವುದು ಇದೆಲ್ಲ ಆದ ಮೇಲೆ. ನೋಡಿದವರಿಗೆ ಬಣ್ಣ ಹಚ್ಚುವುದೇ ಕೆಲಸ ಅಂತ ಕಾಣುತ್ತದೆ, ನನಗೆ ಅದು ವಿಶ್ರಾಂತಿ.

ಅಪ್ಪ, ನಿಮ್ಮ ಪ್ರಶ್ನೆ ಬೇರೆ ಅಂತ ಗೊತ್ತು: ತಿಂಗಳ ಸಂಬಳ ಇಲ್ಲದೆ ಹೇಗೆ? ಮುಂಗಡ ಮೂರು ಕಂತಿನಲ್ಲಿ ಬರುತ್ತದೆ, ಒಪ್ಪಂದಕ್ಕೆ ಸಹಿ ಹಾಕಿದಾಗ, ಕರಡು ಚಿತ್ರ ಒಪ್ಪಿದಾಗ, ಕೊನೆಯ ಚಿತ್ರ ಕೊಟ್ಟಾಗ. ಆ ಮುಂಗಡ ಮಾರಾಟದಲ್ಲಿ ವಸೂಲಾದ ಮೇಲಷ್ಟೇ ರಾಯಲ್ಟಿ, ಅಂದರೆ ಮಾರಾಟದಲ್ಲಿ ನನ್ನ ಪಾಲು. ನಡುವೆ ಶಾಲೆಗಳಿಗೆ ಹೋಗಿ ಮಕ್ಕಳ ಎದುರು ಓದಿ, ಚಿತ್ರ ಬಿಡಿಸಿದರೆ ಅದಕ್ಕೂ ದುಡ್ಡು ಕೊಡುತ್ತಾರೆ. ಮತ್ತೆ, ಬ್ಯಾಂಕಿನಲ್ಲಿದ್ದ ನಿಮಗೆ ಇದು ಇಷ್ಟವಾದೀತು: ಕಲಾವಿದರಿಗೆಂದೇ ಇಲ್ಲಿ 1983ರಿಂದ ಒಂದು ವಿಮಾ ನಿಧಿ ಉಂಟು. ಪಿಂಚಣಿ, ಆರೋಗ್ಯ ಎರಡರ ಕಂತಿನಲ್ಲೂ ಅರ್ಧ ನನ್ನದು, ಶೇ. 30 ಚಿತ್ರ ಕೊಳ್ಳುವ ಪ್ರಕಾಶಕರಂಥವರದ್ದು, ಶೇ. 20 ಸರ್ಕಾರದ್ದು. ಹಾಗಾಗಿ ರಾತ್ರಿ ನಿದ್ದೆ ಮಾಡಿ.

ಬಿಡುವಾದಾಗ ಬ್ಲೂಟೆನ್‌ಬುರ್ಗ್ ಕೋಟೆಗೆ ಹೋಗುತ್ತೇನೆ. ಕೋಟೆ ಅಂದರೆ ಈಗ ಅದು ಮಕ್ಕಳ ಪುಸ್ತಕಗಳ ಗ್ರಂಥಾಲಯ, 6 ಲಕ್ಷಕ್ಕೂ ಹೆಚ್ಚು ಪುಸ್ತಕ. ಇದನ್ನು 1949ರಲ್ಲಿ ಶುರುಮಾಡಿದವರು ಯೆಲ್ಲಾ ಲೆಪ್‌ಮನ್. ಯಹೂದಿ ಹೆಂಗಸು. ಹಿಟ್ಲರನ ಕಾಲದಲ್ಲಿ ಇಂಗ್ಲೆಂಡಿಗೆ ಓಡಿಹೋಗಿದ್ದವರು ಯುದ್ಧ ಮುಗಿದ ಮೇಲೆ ಇದೇ ದೇಶಕ್ಕೆ ಬಂದು, ಇಲ್ಲಿಯ ಮಕ್ಕಳಿಗಾಗಿ ಬೇರೆ ಬೇರೆ ದೇಶಗಳಿಂದ ಪುಸ್ತಕ ಬೇಡಿ ತರಿಸಿದರು. ನನ್ನಿಂದ ಆಗುತ್ತಿತ್ತೋ ಇಲ್ಲವೋ.

ಈಗ ಕೈಯಲ್ಲಿರುವ ಪುಸ್ತಕ ನಮ್ಮ ಮಲ್ಪೆಯದ್ದೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲವಲ್ಲ, ಆ 61 ದಿನ. ಅಪ್ಪ ಮನೆಯಲ್ಲೇ ಇರುತ್ತಾನೆ ಅಂತ ಹುಡುಗಿಗೆ ಖುಷಿ, ಕೈಯಲ್ಲಿ ದುಡ್ಡಿಲ್ಲ ಅಂತ ಅಮ್ಮನಿಗೆ ಚಿಂತೆ. ದೊಡ್ಡ ಘಟನೆ ಏನೂ ಇಲ್ಲ. ಮಳೆ ಬರುತ್ತದೆ, ಬಲೆ ರಿಪೇರಿ ಆಗುತ್ತದೆ.

ಕರಡು ನೋಡಿದ ಸಂಪಾದಕಿಗೆ ಮನೆಯ ಮಾಡೇ ಹಿಡಿಸಲಿಲ್ಲ. "ಕೆಂಪು ಹೆಂಚು ಹಾಕಿದರೆ ನಮ್ಮ ಹಳ್ಳಿಯ ಹಾಗೆ ಕಾಣುತ್ತದೆ, ತೆಂಗಿನ ಗರಿ ಹೊದೆಸಬಹುದಲ್ಲ?" ಅಂದರು. ನಾನು ನಮ್ಮ ಬೀದಿಯ ಫೋಟೋ ಕಳಿಸಿದೆ. ಬಾಸೆಲ್ ಮಿಷನ್ನಿನ ಪ್ಲೆಬ್‌ಸ್ಟ್ ಅನ್ನುವ ಜರ್ಮನ್ 1860ರ ದಶಕದಲ್ಲಿ ಮಂಗಳೂರಿನಲ್ಲಿ ಹೆಂಚು ಮಾಡಿಸಲಿಕ್ಕೆ ಹೊರಟದ್ದನ್ನೂ ಬರೆದೆ. ಅಷ್ಟಕ್ಕೇ ಬಿಡಲಿಲ್ಲ, ಇನ್ನೊಂದು ಸೇರಿಸಿದೆ: ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಕಲ್ಲಚ್ಚಿನಲ್ಲಿ ಬಂತು, ಆ ಕಲ್ಲಚ್ಚನ್ನು ಕಂಡುಹಿಡಿದ ಸೆನೆಫೆಲ್ಡರನ ಸಮಾಧಿ ಇದೇ ಮ್ಯೂನಿಕ್‌ನಲ್ಲಿ ಉಂಟು. ಹೆಂಚಿಗೂ ಇದಕ್ಕೂ ಸಂಬಂಧ ಇಲ್ಲ, ಆದರೆ ವಾದ ಮಾಡುವಾಗ ಅದೆಲ್ಲ ಯಾರು ನೋಡುತ್ತಾರೆ? ಮಾಡು ಉಳಿಯಿತು. ಬಡತನ ತೋರಿಸಲಿಕ್ಕೆ ಗರಿ ಹೊದೆಸುವುದು ನನ್ನಿಂದಾಗದ ಕೆಲಸ.

ಕಷ್ಟ ಕೊಡುತ್ತಿರುವುದು ಮಳೆ. ಇಲ್ಲಿಯ ಮಳೆಯನ್ನು ನಾಲ್ಕು ಓರೆಗೆರೆಯಲ್ಲಿ ಮುಗಿಸಬಹುದು. ನಮ್ಮದು ಅಂಗಳಕ್ಕೆ ಬಿದ್ದು ಮೊಣಕಾಲಿನವರೆಗೆ ಮತ್ತೆ ಏಳುತ್ತದೆ, ಎದುರು ಮನೆಯನ್ನೇ ಅಳಿಸಿಹಾಕುತ್ತದೆ. ಕಾಗದಕ್ಕೆ ಮೊದಲು ಮೇಣ ಉಜ್ಜಿ ಮೇಲೆ ಬಣ್ಣ ಹರಿಯಬಿಟ್ಟರೆ ಮೇಣ ಇದ್ದಲ್ಲಿ ಬಿಳಿ ಉಳಿಯುತ್ತದೆ, ಅದರಿಂದ ಸ್ವಲ್ಪ ಹತ್ತಿರ ಬಂದಿದ್ದೇನೆ. ಸಂಪಾದಕಿಗೆ ಇದು ಮಂಜಿನ ಹಾಗೆ ಕಂಡಿತಂತೆ. ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ತಮ್ಮನಿಗೆ ಒಂದು ಕೆಲಸ. ದೋಣಿಗಳು ಬಂದರಿನಲ್ಲಿ ಸಾಲಾಗಿ ನಿಂತಿರುವಾಗಲೇ, ಅಂದರೆ ಆಗಸ್ಟಿಗೆ ಮೊದಲು, ಮಲ್ಪೆಗೆ ಹೋಗಿ ಫೋಟೋ ತೆಗೆಯಲಿ. ಸಮುದ್ರ, ಸೂರ್ಯಾಸ್ತ ಬೇಡವೇ ಬೇಡ. ಬಲೆ ಹೆಣೆಯುವ ಚಪ್ಪಟೆ ಸೂಜಿ ಕೈಯಲ್ಲಿ ಹೇಗೆ ಹಿಡಿಯುತ್ತಾರೆ, ಹೆಬ್ಬೆರಳು ಎಲ್ಲಿರುತ್ತದೆ, ಅದು ಬೇಕು. ಮೊದಲು ಅವರನ್ನು ಕೇಳಲಿ, ಮುಖ ಬರುವುದು ಬೇಡ. ನಮ್ಮ ಮುರಕಲ್ಲಿನ ಕಾಂಪೌಂಡ್ ಒದ್ದೆಯಾದಾಗಿನ ಫೋಟೋವೂ ಬೇಕು, ಮೊಬೈಲಿನಲ್ಲಿ ಬಣ್ಣ ತಿದ್ದದೆ. ಅಮ್ಮ, ನೆನೆದ ಕಲ್ಲಿನ ಬಣ್ಣ ಕುಂಕುಮದ ಕಡೆಗೋ ಕಾಫಿಯ ಕಡೆಗೋ ಅಂತ ನೀನು ಒಂದು ಮಾತು ಹೇಳು, ಕ್ಯಾಮೆರಾಕ್ಕಿಂತ ನಿನ್ನ ಕಣ್ಣಿನ ಮೇಲೆ ನನಗೆ ನಂಬಿಕೆ.

ಉಪ್ಪಿನಕಾಯಿ ಇನ್ನೂ ಉಂಟು, ಈಗ ಕಳಿಸಬೇಡ.

ನಿಮ್ಮ ಮಗಳು