ನಮ್ಮೂರ ಶಾಲೆಗೆ ಸೀಲಕ್ಯಾಂತ್ ಬಂತು

ತೀರ್ಥಹಳ್ಳಿ ಕಡೆಯ ನಮ್ಮೂರ ಶಾಲೆಯ ವರಾಂಡದಲ್ಲಿ ಮೊನ್ನೆ ಸೀಲಕ್ಯಾಂತ್ ಮೀನಿನ ಮಾದರಿಯನ್ನು ತೂಗುಹಾಕಿದೆವು. ಬಿದಿರು, ಹಳೆ ಪೇಪರು, ಮೈದಾ ಅಂಟು, ಮೇಲೆ ನೀಲಿ ಬಣ್ಣ. ಉದ್ದ 5 ಅಡಿ. 1938ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬಲೆಗೆ ಬಿದ್ದ ಮೀನೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಚಿಕ್ಕಂದಿನಿಂದ ತಲೆಯೊಳಗೆ ಈಜುತ್ತಿದ್ದದ್ದು ಕಣ್ಣೆದುರು ನಿಂತಾಗ ಗಂಟಲು ಕಟ್ಟಿ ಬಂತು. ಅವತ್ತು ಮೈಕಿನ ಮುಂದೆ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಮೇಲಿನ ಮನೆಯ ಅತ್ತೆ-ಮಾವನಿಗೆ. ಆಗ ಡಿಶ್ ಇದ್ದದ್ದು ಅವರ ಮನೆಯಲ್ಲಿ ಮಾತ್ರ. ಡಿಸ್ಕವರಿ ಚಾನೆಲ್ಲಿನಲ್ಲಿ ಪ್ರಾಣಿಗಳ ಕಾರ್ಯಕ್ರಮ ಬರುವ ಹೊತ್ತಿಗೆ ಕಂಬಳಿಕೊಪ್ಪೆ ಹೊದ್ದು ಹೋದರೆ, "ಬಾರೋ ಒಳಗೆ, ಶುರುವಾತು" ಅಂತ ಅತ್ತೆ ಕರೆಯುತ್ತಿದ್ದರು. ಮಾವ ವಾರ್ತೆ ನೋಡುವುದನ್ನು ಬಿಟ್ಟು, ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ನನಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು.

ಸೀಲಕ್ಯಾಂತನ್ನು ಮೊದಲು ಕಂಡದ್ದು ಅಲ್ಲೇ. ಸುಮಾರು 40 ಕೋಟಿ ವರ್ಷ ಹಳೆಯ ವಂಶ. ಡೈನೋಸಾರ್‌ಗಳ ಜೊತೆಗೇ, 6.6 ಕೋಟಿ ವರ್ಷಗಳ ಹಿಂದೆ, ಅಳಿದುಹೋಯಿತು ಎಂದೇ, 1938ರಲ್ಲಿ ಆ ಮೀನು ಸಿಕ್ಕುವ ತನಕ, ವಿಜ್ಞಾನಿಗಳು ನಂಬಿದ್ದರು. 1987ರಲ್ಲಿ ಜರ್ಮನಿಯ ಜೀವವಿಜ್ಞಾನಿ ಹಾನ್ಸ್ ಫ್ರಿಕ್ ಅವರ ತಂಡ ಪುಟ್ಟ ಜಲಾಂತರ್ಗಾಮಿಯಲ್ಲಿ ಆಫ್ರಿಕಾದ ಪೂರ್ವಕ್ಕಿರುವ ಕೊಮೊರೊ ದ್ವೀಪಗಳ ಬಳಿ ಇಳಿದು, ಆಳದಲ್ಲಿ ಅದರ ಬದುಕನ್ನು ಚಿತ್ರೀಕರಿಸಿತು. ಅದು ಸಮುದ್ರದ ತಳದಲ್ಲಿ ನಡೆಯುತ್ತದೆ ಎಂಬ ಊಹೆ ಸುಳ್ಳಾಯಿತು. ಆದರೆ ತೇಲುವಾಗ ಬಲಗಡೆಯ ಮುಂದಿನ ಈಜುರೆಕ್ಕೆಯ ಜೊತೆ ಎಡಗಡೆಯ ಹಿಂದಿನದು ಆಡುತ್ತದೆ, ನಮ್ಮ ದನ ದಣಪೆ ದಾಟುವಾಗ ಕಾಲು ಹಾಕಿದ ಹಾಗೆ! ಮುಂಗಾರಿನ ಹೊಸ ನೀರಿಗೆ ಗದ್ದೆಗೆ ಏರಿ ಬರುವ ಹತ್ತುಮೀನು ಹಿಡಿದು ಬೆಳೆದ ನಾನು, ಒಳಗೆ ಮೂಳೆಯಿರುವ ಅಂಥ ದಪ್ಪ ರೆಕ್ಕೆಯನ್ನು ಕಂಡೇ ಇರಲಿಲ್ಲ.

ಇನ್ನೊಬ್ಬರಿಗೆ ಕೃತಜ್ಞತೆ ಹೇಳಬೇಕು, ಅವರು 2004ರಲ್ಲೇ ತೀರಿಕೊಂಡರೂ. ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಎಂಬ ಬಂದರು ಊರಿನ ಸಣ್ಣ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಮಾರ್ಜರಿ ಕೋರ್ಟ್ನಿ-ಲ್ಯಾಟಿಮರ್. 1938ರ ಆ ದಿನ ಮೀನಿನ ರಾಶಿಯ ಅಡಿಯಿಂದ ಇಣುಕಿದ ನೀಲಿ ರೆಕ್ಕೆ ನೋಡಿ ಅವರು ಸುಮ್ಮನೆ ಮುಂದೆ ಹೋಗಲಿಲ್ಲ. 57 ಕಿಲೋ ತೂಕದ, ನಾರುವ ಮೀನನ್ನು ಒಲ್ಲೆನೆಂದ ಟ್ಯಾಕ್ಸಿಯವನನ್ನು ಒಪ್ಪಿಸಿ ಸಾಗಿಸಿದರು. ಚಿತ್ರ ಬರೆದು ಮೀನುತಜ್ಞ ಜೆ.ಎಲ್.ಬಿ. ಸ್ಮಿತ್‌ಗೆ ಕಳಿಸಿದರು. ಉತ್ತರ ತಡವಾಯಿತು, ಒಳಗಿನ ಅಂಗಗಳು ಉಳಿಯಲಿಲ್ಲ, ಚರ್ಮವನ್ನಾದರೂ ಉಳಿಸಿಕೊಂಡರು. ಸ್ಮಿತ್ ಆ ಮೀನಿಗೆ ಅವರ ಹೆಸರನ್ನೇ ಸೇರಿಸಿ ಲ್ಯಾಟಿಮೇರಿಯಾ ಎಂದು ಕರೆದರು. ಇದನ್ನು ಮಕ್ಕಳಿಗೆ ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಬಿದಿರು ಸೀಳಿ ಮೀನಿನ ಒಡಲು ಹೆಣೆದುಕೊಟ್ಟ, ಬುಟ್ಟಿ ನೇಯುವ ಅಜ್ಜನಿಗೆ, ತರಗತಿ ಮುಗಿದ ಮೇಲೂ ಬೀಗ ಹಾಕದೆ ಕಾದ ಹೆಡ್‌ಮೇಷ್ಟ್ರಿಗೆ, ಅಂಟು ಕುದಿಸಿದ ಬಿಸಿಯೂಟದ ಅಕ್ಕಂದಿರಿಗೆ ಕೈಮುಗಿಯುತ್ತೇನೆ. ಮೈಮೇಲಿನ ಬಿಳಿ ಮಚ್ಚೆಗಳೆಲ್ಲ ಮಕ್ಕಳದ್ದೇ. ಪ್ರತಿ ಸೀಲಕ್ಯಾಂತಿನ ಮಚ್ಚೆಯೂ ಬೇರೆ ಬೇರೆ, ಸಂಶೋಧಕರು ಅದರಿಂದಲೇ ಒಂದೊಂದನ್ನು ಗುರುತಿಸುತ್ತಾರೆ. ಹಾಗಾಗಿ ಎಲ್ಲಿ ಇಡಬೇಕೆಂದು ನಾನು ಹೇಳಲೇ ಇಲ್ಲ.

ಮುಂದೆ ಅದೇ ವರಾಂಡದ ಗೋಡೆಯ ಮೇಲೆ ತುಂಗೆಯ ಮೀನುಗಳನ್ನು ಬರೆಯಬೇಕೆಂದು ಮಕ್ಕಳು ಹಟ ಹಿಡಿದಿದ್ದಾರೆ. ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ತೆಗೆದ ಒಳ್ಳೆಯ ಫೋಟೊ ಇರುವವರು ದಯವಿಟ್ಟು ಶಾಲೆಗೆ ತಲುಪಿಸಿ.