ಆಷಾಢದ ಗಾಳಿ, ಗೋವಾದ ಹಲಗೆ

ಲೇ ದೋಸ್ತಾ,

ಗದಗಿನಲ್ಲಿ ಆಷಾಢದ ಗಾಳಿ ಶುರುವಾಗಿದೆ. ಕಪ್ಪತಗುಡ್ಡದ ಫ್ಯಾನುಗಳು ಗಿರಗಿರ ತಿರುಗುತ್ತಿವೆ. ನಿನ್ನೆ ಮಾಳಿಗೆ ಮೇಲೆ ಒಣಹಾಕಿದ್ದ ಚಾದರ ತೆಗೆಯಲು ಹೋದೆ. ಎರಡು ಮೂಲೆ ಹಿಡಿದಿದ್ದೆ ಅಷ್ಟೇ, ಅದು ಗಾಳಿ ತುಂಬಿಕೊಂಡು ನನ್ನನ್ನೇ ಕಟ್ಟೆ ತನಕ ದರದರ ಎಳೆದುಕೊಂಡು ಹೋಯಿತು. "ಏನ್ರೀ, ಹಾರಿ ಹೊಂಟ್ರೇನು?" ಅಂತ ಕೆಳಗಿನಿಂದ ಮನೆಯವಳ ಕೂಗು. ನನಗೆ ಮಾತ್ರ ಗೋವಾ ನೆನಪಾಯಿತು.

ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿ ಹೋಗಿ, ಆ ವಿಂಡ್‌ಸರ್ಫಿಂಗ್ ಹಲಗೆ, ಅದೇ ನಿಂತು ಓಡಿಸುವ ಹಾಯಿ ಹಲಗೆ, ಬಾಡಿಗೆಗೆ ತಗೊಂಡಿದ್ದೆವಲ್ಲ? ಒಂದು ತಾಸಿನಲ್ಲಿ ನಿಂತದ್ದಕ್ಕಿಂತ ಬಿದ್ದದ್ದೇ ಜಾಸ್ತಿ. ನೀರಲ್ಲಿ ಮಲಗಿದ ಹಾಯಿಯನ್ನು ಹಗ್ಗ ಜಗ್ಗಿ ಎತ್ತುವುದಂದರೆ ಬಾವಿಯಿಂದ ತುಂಬಿದ ಕೊಡ ಸೇದಿದ ಹಾಗೆ, ಅದೂ ಅಲುಗಾಡುವ ಕಟ್ಟೆ ಮೇಲೆ ನಿಂತು!

ಹೋದ ಸಲ ಫೋನಿನಲ್ಲಿ ನೀನು "ವಿಂಡ್‌ಸರ್ಫಿಂಗ್ ಸತ್ತ ಆಟ ಬಿಡೋ" ಅಂದೆ. ಅಷ್ಟು ಸುಲಭಕ್ಕೆ ಒಪ್ಪಲಾರೆ. ನಿನ್ನ ಗ್ಯಾರೇಜಿನಲ್ಲಿ ಲಾರಿ ಶಾಫ್ಟಿಗೆ ಹಾಕುವ ಕ್ರಾಸ್ ಇದೆಯಲ್ಲ, ಎಲ್ಲಾ ಕಡೆ ಬಾಗುವಂಥದ್ದು, ಈ ಆಟದ ಗುಟ್ಟೂ ಅದೇ. ಹಾಯಿಯ ಕಂಬವನ್ನು ಹಲಗೆಗೆ ಹಾಗೆ ಜೋಡಿಸಿ ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್, ಹೊಯ್ಲ್ ಶ್ವೈಟ್ಜರ್ 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಚುಕ್ಕಾಣಿಯೇ ಬೇಡ. ಹಾಯಿ ಮುಂದಕ್ಕೆ ಬಾಗಿಸಿದರೆ ಹಲಗೆಯ ಮೂತಿ ಗಾಳಿಯಿಂದ ಆಚೆ ಹೊರಳುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿ ಕಡೆಗೆ. ಯುರೋಪಿನವರು ಹುಚ್ಚು ಹಿಡಿದವರಂತೆ ಕಾರಿನ ಮೇಲೆ ಹಲಗೆ ಕಟ್ಟಿಕೊಂಡು ತಿರುಗಿದರು, 1984ಕ್ಕೆ ಒಲಿಂಪಿಕ್ಸಿಗೂ ಬಂತು.

ಆಮೇಲೆ ಪೇಟೆಂಟಿನ ಜಗಳ, ಕೋರ್ಟು ಕಚೇರಿ. 1958ರಲ್ಲೇ ಇಂಗ್ಲೆಂಡಿನ ಪೀಟರ್ ಚಿಲ್ವರ್ಸ್ ಅನ್ನುವ 12 ವರ್ಷದ ಹುಡುಗ ಇಂಥದ್ದೇ ಮಾಡಿದ್ದನಂತೆ, ಅಲ್ಲಿನ ಕೋರ್ಟು ಪೇಟೆಂಟನ್ನೇ ತಳ್ಳಿಹಾಕಿತು. ಆದರೆ ಆಟ ಸೊರಗಿದ್ದು ಬರೀ ಜಗಳಕ್ಕಲ್ಲ, ಜಾಣರ ಜಾಣತನಕ್ಕೆ ಅಂತ ನನ್ನ ಲೆಕ್ಕ. ವೇಗ ಬೇಕು ಅಂತ ಹಲಗೆ ಸಣ್ಣದು ಮಾಡುತ್ತಾ ಹೋದರು. ಅದಕ್ಕೆ ಜೋರು ಗಾಳಿ ಬೇಕು, ಒಂದೊಂದು ಗಾಳಿಗೆ ಒಂದೊಂದು ಹಾಯಿ ಬೇಕು, ರೊಕ್ಕ ಬೇಕು. ನಮ್ಮಂಥ ಭಾನುವಾರದ ಮಂದಿ ದಂಡೆ ಮೇಲೆ ಗಾಳಿ ಕಾಯುತ್ತಾ ಕೂತರು, ಆಮೇಲೆ ಬರುವುದನ್ನೇ ಬಿಟ್ಟರು. ಅಷ್ಟರಲ್ಲಿ ಚೀಲದಲ್ಲಿ ಮಡಚಿಡಬಹುದಾದ ಕೈಟ್ ಬಂತು, ಅಂದರೆ ದೊಡ್ಡ ಗಾಳಿಪಟ ಹಲಗೆ ಮೇಲೆ ನಿಂತವನನ್ನು ಎಳೆಯುವ ಆಟ. 2012ರ ಮೇನಲ್ಲಿ ಒಲಿಂಪಿಕ್ಸಿನಿಂದಲೇ ಇದನ್ನು ತೆಗೆದು ಕೈಟ್ ಹಾಕುವ ತೀರ್ಮಾನವಾಯಿತು, ನವೆಂಬರಿನಲ್ಲಿ ಅದನ್ನು ವಾಪಸ್ ತಗೊಂಡರು.

ಈಗ ಹಲಗೆ ಕೆಳಗೆ, ನೀರೊಳಗೆ, ವಿಮಾನದ ರೆಕ್ಕೆಯಂಥ ಫಾಯಿಲ್ ಹಾಕುತ್ತಾರೆ. ಸ್ವಲ್ಪ ವೇಗ ಸಿಕ್ಕರೆ ಸಾಕು, ಹಲಗೆ ನೀರು ಬಿಟ್ಟು ಮೇಲೇಳುತ್ತದೆ, ಸಣ್ಣ ಗಾಳಿಗೂ ಓಡುತ್ತದೆ. 2024ರ ಒಲಿಂಪಿಕ್ಸಿನಲ್ಲಿ ಇದೇ ಇತ್ತು, ವಿಡಿಯೋ ಕಳಿಸುತ್ತೇನೆ ನೋಡು. ಹಳೇ ನಮೂನೆಯ ಅಗಲ ಹಲಗೆಗಳೂ ಮತ್ತೆ ಬಂದಿವೆ. ನನಗೆ ಅದೇ ಸಾಕು.

ದೀಪಾವಳಿ ಮುಗಿದ ಮೇಲೆ ಎರಡು ದಿನ ಗ್ಯಾರೇಜು ಹುಡುಗರಿಗೆ ಬಿಟ್ಟು ಬಾ. ಬಸ್ ಚಾರ್ಜು ನಂದು, ಸೊಂಟಕ್ಕೆ ಹಚ್ಚುವ ಎಣ್ಣೆ ನೀನು ತಾ.

ನಿನ್ನ,
ಗದಗಿನವ