ಮಗಳಿಗೊಂದು ಪತ್ರ: ಮೊದಲು ಕೇಳು, ಆಮೇಲೆ ಕೂರು

ಪ್ರೀತಿಯ ಮಗಳೇ,

ಯೇಸುಸ್ವಾಮಿಯ ನಾಮದಲ್ಲಿ ನಿನಗೆ ವಂದನೆ. ನಿಮ್ಮ ಚರ್ಚಿನ ಸಭೆಯ ಕೆಲವರು ಸೇರಿ ಆಸ್ಪತ್ರೆಯ ರೋಗಿಗಳನ್ನು ನೋಡಲು ಹೋಗುವ ಸೇವೆ ಶುರು ಮಾಡುತ್ತೀವಿ ಅಂತ ಬರೆದಿದ್ದೀಯ. ಓದಿ ಮನಸ್ಸು ತುಂಬಿ ಬಂತು. ರೋಗಿಯನ್ನು ನೋಡಿಕೊಂಡವರು ನನ್ನನ್ನೇ ನೋಡಿಕೊಂಡರು ಅಂತ ಕರ್ತನು ಹೇಳಿದ್ದು ಮತ್ತಾಯ 25ರಲ್ಲಿದೆ. ಅದನ್ನು ನಿನಗೆ ನಾನು ನೆನಪಿಸಬೇಕಾಗಿಲ್ಲ. ವಾರ್ಡಿನಲ್ಲಿ ನರ್ಸ್ ಆಗಿ ದುಡಿದವಳಾಗಿ ಕೆಲವು ಮಾತು ಹೇಳಬೇಕು.

ಆಸ್ಪತ್ರೆಯಲ್ಲಿ ಮಲಗಿದವರ ಕೈಯಲ್ಲಿ ಏನೂ ಇರುವುದಿಲ್ಲ. ಯಾವಾಗ ಏಳಬೇಕು, ಏನು ತಿನ್ನಬೇಕು, ಏನು ಉಡಬೇಕು, ಎಲ್ಲ ಬೇರೆಯವರ ತೀರ್ಮಾನ. ರಕ್ತ ತೆಗೆಯಲು ಬಂದವರಿಗೆ, ಸೂಜಿ ಚುಚ್ಚಲು ಬಂದವರಿಗೆ ಬೇಡ ಅನ್ನೋದು ಸುಲಭವಲ್ಲ. ಇಡೀ ದಿನದಲ್ಲಿ ಅವರು ಧೈರ್ಯವಾಗಿ ಬೇಡ ಅನ್ನಬಹುದಾದದ್ದು ನಿಮಗೆ ಮಾತ್ರ. ಅದಕ್ಕೆ ಬಾಗಿಲಲ್ಲೇ ನಿಂತು, ಹೆಸರು ಹೇಳಿ, "ಸ್ವಲ್ಪ ಹೊತ್ತು ಕೂತ್ಕೊಳ್ಳಲಾ?" ಅಂತ ಕೇಳು. ಬೇಡ ಅಂದರೆ ನಗುಮುಖದಿಂದ ಹೊರಡು. ಆ ಭೇಟಿ ವ್ಯರ್ಥವಾಯಿತು ಅಂದುಕೊಳ್ಳಬೇಡ. ಅವರ ಮಾತು ಒಂದು ಕಡೆಯಾದರೂ ನಡೆಯಿತು, ಅಲ್ವಾ?

ಯೋಹಾನ 5ನೇ ಅಧ್ಯಾಯ ಮತ್ತೆ ಓದು. ಬೇತೆಸ್ದ ಕೊಳದ ಬಳಿ 38 ವರ್ಷದಿಂದ ರೋಗಿಯಾಗಿದ್ದ ಮನುಷ್ಯ. ಅವನಿಗೆ ಏನು ಬೇಕು ಅಂತ ಯಾರಿಗಾದರೂ ಗೊತ್ತಾಗುತ್ತೆ. ಆದರೂ ಗುಣವಾಗಲು ಮನಸ್ಸಿದೆಯಾ ಅಂತ ಯೇಸುಸ್ವಾಮಿ ಅವನನ್ನೇ ಕೇಳಿದರು. ಅವನು ಹೌದು ಅನ್ನಲೇ ಇಲ್ಲ. ಇಳಿದರೆ ಗುಣವಾಗುತ್ತೆ ಅಂತ ಜನ ನಂಬಿದ್ದ ಆ ನೀರಿಗೆ ಇಳಿಸಲು ತನಗೆ ಯಾರೂ ಇಲ್ಲ ಅಂತ ದುಃಖ ಹೇಳಿಕೊಂಡ. ಸ್ವಾಮಿ ಅದನ್ನು ಕೇಳಿಸಿಕೊಂಡರು, ಆಮೇಲೆ ಎಬ್ಬಿಸಿದರು.

ಪ್ರಾರ್ಥನೆಗೂ ಹೀಗೇ ಅಪ್ಪಣೆ ಕೇಳು. ಹೂಂ ಅಂದರೆ, ಯಾವ ವಿಷಯಕ್ಕೆ ಪ್ರಾರ್ಥಿಸಲಿ ಅಂತಲೂ ಕೇಳು. ಎಷ್ಟೋ ಸಲ ಅವರು ಹೇಳುವುದು ಕಾಯಿಲೆಯ ಮಾತೇ ಆಗಿರುವುದಿಲ್ಲ. ಮಗನ ಪರೀಕ್ಷೆ ಇರಬಹುದು, ಮಾತು ಬಿಟ್ಟ ತಂಗಿ ಇರಬಹುದು. ಅದಕ್ಕೇ ಪ್ರಾರ್ಥಿಸು, ಚಿಕ್ಕದಾಗಿ. "ಖಂಡಿತ ಗುಣವಾಗುತ್ತೀರಿ" ಅಂತ ಮಾತು ಕೊಡಬೇಡ. ನಂಬಿಕೆ ಕಡಿಮೆಯಾಗಿ ಕಾಯಿಲೆ ಬಂತು ಅಂತ ನಿಮ್ಮ ಗುಂಪಿನಲ್ಲಿ ಯಾರಾದರೂ ಹೇಳುವವರಿದ್ದರೆ ಅವರನ್ನು ವಾರ್ಡಿಗೆ ಕರೆದೊಯ್ಯಲೇ ಬೇಡ. ಇದು ನನ್ನ ಗಟ್ಟಿ ಮಾತು. ಬೈಬಲಿನಲ್ಲಿ ಎಲ್ಲ ಕಳೆದುಕೊಂಡು ರೋಗಿಯಾಗಿದ್ದ ಯೋಬನ ಸ್ನೇಹಿತರು ಏಳು ದಿನ ಏನೂ ಮಾತಾಡದೆ ಅವನ ಪಕ್ಕ ಕೂತರು. ಅಲ್ಲಿಯವರೆಗೆ ಸರಿಯಾಗೇ ಇತ್ತು. ಕಷ್ಟಕ್ಕೆ ಕಾರಣ ವಿವರಿಸಲು ಹೋದ ಮೇಲೆ ದೇವರ ಕೋಪಕ್ಕೆ ಗುರಿಯಾದರು.

ಬೇರೆ ಧರ್ಮದವರ ಹಾಸಿಗೆ ಪಕ್ಕ ಕೂತಾಗ ಇನ್ನೂ ಜಾಸ್ತಿ ಎಚ್ಚರ ಬೇಕು. ಎದ್ದು ಹೋಗಲೂ ಆಗದವರ ಮುಂದೆ ಧರ್ಮದ ಮಾತು ಎತ್ತಿದರೆ ಅದು ಒತ್ತಾಯವೇ. ಕರಪತ್ರ ಕೈಗಿಡಬೇಡಿ. ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲೂ ಸಭೆಯ ಹಿರಿಯರನ್ನು ಕರೆಸುವವನು ರೋಗಿಯೇ ಅಲ್ವಾ? ಅವರಾಗಿ ಕೇಳಿದರೆ ಮಾತ್ರ ಹೇಳು.

ಇನ್ನು ವಾರ್ಡಿನ ಸಂಗತಿ. ಆಸ್ಪತ್ರೆಯ ಅನುಮತಿ ಇಲ್ಲದೆ ಹೋಗಬೇಡಿ, ಪ್ರತಿ ಸಲ ಡ್ಯೂಟಿ ನರ್ಸ್ ಹತ್ತಿರ ಕೇಳಿಯೇ ಒಳಗೆ ಹೋಗಿ. ನೆಗಡಿ, ಜ್ವರ ಇದ್ದವರು ಮನೆಯಲ್ಲಿರಲಿ. ಪ್ರತಿ ರೋಗಿಯ ಹತ್ತಿರ ಹೋಗುವ ಮುಂಚೆ, ಬಂದ ಮೇಲೆ ಕೈ ತೊಳೆಯಿರಿ. ಭೇದಿ ತರುವ ಕೆಲವು ರೋಗಾಣು ಸ್ಯಾನಿಟೈಸರ್‌ಗೆ ಸಾಯುವುದಿಲ್ಲ, ಸೋಪು ನೀರೇ ಬೇಕು. ನೀರು ಕೇಳಿದರೂ ನೀನಾಗಿ ಕೊಡಬೇಡ, ನರ್ಸನ್ನು ಕರೆ. ಅವರು ಆಪರೇಷನ್‌ಗೆ ಉಪವಾಸ ಇರಬಹುದು, ನುಂಗಲು ತೊಂದರೆ ಇರಬಹುದು. ಹಾಸಿಗೆ ಮೇಲೆ ಕೂರಬೇಡ, ಕುರ್ಚಿ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂರು. ಹತ್ತು ನಿಮಿಷ ಸಾಕು. ಪ್ರಜ್ಞೆ ಇಲ್ಲದವರಿಗೂ ಕೆಲವೊಮ್ಮೆ ಕಿವಿ ಕೇಳಿಸುತ್ತಿರುತ್ತದೆ. ಅವರ ಹಾಸಿಗೆ ಪಕ್ಕ ನಿಂತು ಅವರ ಸ್ಥಿತಿ ಚರ್ಚಿಸಬೇಡಿ, ಹೆಸರು ಹಿಡಿದು ಅವರ ಜೊತೆಯೇ ಮಾತಾಡಿ. ಪಕ್ಕದಲ್ಲಿ ನಿದ್ದೆಗೆಟ್ಟು ಕೂತ ಮನೆಯವರನ್ನೂ ವಿಚಾರಿಸು, ಅವರನ್ನು ಯಾರೂ ಕೇಳುವುದಿಲ್ಲ.

ನನಗೆ ಜಾಸ್ತಿ ಭಯ ಇರುವುದು ಇನ್ನೊಂದರ ಬಗ್ಗೆ. ಪ್ರಾರ್ಥನೆ ವಿಷಯ ಅನ್ನುವ ಹೆಸರಿನಲ್ಲಿ ಒಬ್ಬರ ಕಾಯಿಲೆ ಇಡೀ ಸಭೆಗೆ ಗೊತ್ತಾಗಿಬಿಡುತ್ತದೆ. ಅವರು ಒಪ್ಪದೆ ಹೆಸರು, ರೋಗ ಎಲ್ಲೂ ಹೇಳಬೇಡಿ. ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುವುದಂತೂ ಬೇಡವೇ ಬೇಡ.

ತರಬೇತಿ ಯಾಕೆ ಬೇಕು, ಪ್ರೀತಿ ಇದ್ದರೆ ಸಾಕಲ್ವಾ ಅಂತ ನಿಮ್ಮವರು ಕೇಳಬಹುದು. ಅಮೆರಿಕದಲ್ಲಿ ಆಂಟನ್ ಬಾಯ್ಸನ್ ಅಂತ ಒಬ್ಬ ಪಾದ್ರಿ ಇದ್ದರು. 1920ರಲ್ಲಿ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿ, ರೋಗಿಯ ಕಷ್ಟ ಏನೆಂದು ಸ್ವತಃ ಉಂಡವರು. 1925ರಲ್ಲಿ ಅವರು ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಕರೆತಂದು, ರೋಗಿಗಳ ನಡುವೆಯೇ ಕಲಿಸಿದರು. ಇವತ್ತು ಆಸ್ಪತ್ರೆ ಚಾಪ್ಲಿನ್‌ಗಳಿಗೆ, ಅಂದರೆ ರೋಗಿಗಳಿಗೆ ಆತ್ಮಿಕ ಆಸರೆ ಕೊಡುವವರಿಗೆ, ಕೊಡುವ ತರಬೇತಿಗೆ ಅದೇ ಒಂದು ಮುಖ್ಯ ಮೂಲ. ನೀವೂ ಅನುಭವ ಇರುವ ಚಾಪ್ಲಿನ್ ಜೊತೆ ಕೆಲವು ದಿನ ಸುಮ್ನೆ ಹಿಂದೆ ನಿಂತು ನೋಡಿ.

ಇಬ್ಬಿಬ್ಬರಾಗಿ ಹೋಗಿ, ಸ್ವಾಮಿ ಶಿಷ್ಯರನ್ನು ಕಳಿಸಿದ ಹಾಗೆ. ನೋಡಿದ್ದು ಮನಸ್ಸಿಗೆ ಭಾರವಾದಾಗ ಹೇಳಿಕೊಳ್ಳಲು ಜೊತೆಗಾರರು ಬೇಕು. ಶುರುವಿಗೆ ಒಂದೇ ವಾರ್ಡ್ ಸಾಕು. ಆದರೆ ಮತ್ತೆ ಬರ್ತೀನಿ ಅಂತ ಯಾರಿಗಾದರೂ ಹೇಳಿದರೆ ಹೋಗಲೇಬೇಕು. ನಿನಗೆ ಆಗದ ದಿನ ಯಾರು ಹೋಗುತ್ತಾರೆ ಅನ್ನೋದನ್ನು ಪಾಸ್ಟರ್ ಜೊತೆ ಕೂತು ಈಗಲೇ ತೀರ್ಮಾನಿಸಿಕೊಳ್ಳಿ. ಅವರು ಏನಂದರು ಅಂತ ನನಗೆ ಬರೆ.

ನಿನಗಾಗಿ ದಿನವೂ ಪ್ರಾರ್ಥಿಸುವ,
ಅಮ್ಮ